ಒಂಬತ್ತು ಸೆಕೆಂಡು

ಹದಿನೈದು ವರ್ಷಗಳ ನಂತರ ನನ್ನದೇ ಧ್ವನಿಯನ್ನು ಕೇಳಿದಾಗ ಮೊದಲು ಬಂದದ್ದು ಹೇಸಿಗೆ. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ಧ್ವನಿ. "ಹೇಳು ಪುಟ್ಟಾ, ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ? ಅವಸರ ಇಲ್ಲ ಪುಟ್ಟಾ." ನಾನು ಯಾವ ಮಗುವನ್ನೂ ಪುಟ್ಟಾ ಎಂದು ಕರೆದವಳಲ್ಲ. ಸಂಶೋಧನೆಗೆಂದೇ ಬೇರೆ ಇಟ್ಟುಕೊಂಡಿದ್ದ ಧ್ವನಿ ಅದು, ಅತಿಥಿಗಳಿಗೆ ಮಾತ್ರ ತೆಗೆಯುವ ಗಾಜಿನ ಲೋಟದ ಹಾಗೆ.

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಶನಿವಾರ ಮಧ್ಯಾಹ್ನ ಹಳೆಯ ಹಾರ್ಡ್ ಡಿಸ್ಕಿನಿಂದ ಫೈಲು ಹುಡುಕಿ ತೆಗೆದು ಕೇಳುತ್ತಿದ್ದೆ. ಎರಡು ಸಾವಿರದ ಹತ್ತರಲ್ಲಿ, ಎರಡು ಸ್ಟೇಷನ್ ಆಚೆಯ ದಿವಾದಲ್ಲಿ, ಒಂದು ಚಾಳಿನ ಒಂಟಿಕೋಣೆಯ ಮನೆಯಲ್ಲಿ ಮಾಡಿದ ರೆಕಾರ್ಡಿಂಗು. ಹುಡುಗಿಗೆ ಆಗ ಒಂಬತ್ತು ವರ್ಷ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ, ರೈಲು ಹೋಗುತ್ತದೆ.

"ನಾಲ್ಕರಲ್ಲಿ ಒಂದು."

"ಯಾಕೆ ಪುಟ್ಟಾ?"

"ನಾಲ್ಕು ದೊಡ್ಡದಲ್ವಾ."

ಆಮೇಲೆ ಮೌನ. ನಾನು ಕಾದೆ. ಈ ಮೌನದ ನಂತರ ಏನು ಬರಬೇಕೆಂದು ಜಗತ್ತಿಗೆಲ್ಲ ಗೊತ್ತು. ಜಗತ್ತು ಎಂದರೆ ನಮ್ಮ ಜಗತ್ತು, ಗಣಿತ ಶಿಕ್ಷಣದ ಸಮ್ಮೇಳನಗಳಿಗೆ ಹೋಗುವ ನಾಲ್ಕೈದು ನೂರು ಜನ. ಹುಡುಗಿ ತಾನಾಗಿಯೇ ಹೀಗೆ ಹೇಳಬೇಕು: "ಜನ ಜಾಸ್ತಿ ಆದ್ರೆ ಪಾಲು ಸಣ್ಣದಾಗ್ತದೆ ಅಲ್ವಾ ಟೀಚರ್, ಹಾಗಾದ್ರೆ ಮೂರರದ್ದೇ ದೊಡ್ಡದು." ನನ್ನ ಪ್ರಬಂಧದ ನೂರ ಹದಿನೆಂಟನೇ ಪುಟದಲ್ಲಿ ಅದು ಇದೆ. ಬೇರೆಯವರ ಪುಸ್ತಕಗಳಲ್ಲಿ ಇದೆ. ಲಿಸ್ಬನ್ನಿನಲ್ಲಿ ಒಬ್ಬ ಮುದುಕ ಪ್ರಾಧ್ಯಾಪಕ ಅದನ್ನು ಕನ್ನಡದಲ್ಲೇ ಬಾಯಿಪಾಠ ಮಾಡಿ ನನ್ನೆದುರು ಒಪ್ಪಿಸಿ ಕೈ ಕುಲುಕಿದ್ದ.

ಫೈಲಿನಲ್ಲಿ ಹನ್ನೊಂದು ಸೆಕೆಂಡು ಕಳೆದವು. ಹುಡುಗಿ ಹೇಳಿದಳು, "ಗೊತ್ತಿಲ್ಲ ಟೀಚರ್."

"ಪರವಾಗಿಲ್ಲ ಪುಟ್ಟಾ, ಥ್ಯಾಂಕ್ಯೂ," ಎಂದಿತು ಪಾಕದ ಧ್ವನಿ. ಕ್ಲಿಕ್. ಮುಗಿಯಿತು.

ಮೂರು ಸಲ ಕೇಳಿದೆ. ಬೇರೆ ಫೈಲುಗಳಲ್ಲಿ ಹುಡುಕಿದೆ. ಆ ವಾಕ್ಯ ಎಲ್ಲಿಯೂ ಇರಲಿಲ್ಲ.

ನಾನು ಗಣಿತದವಳಲ್ಲ. ಮಕ್ಕಳು ಗಣಿತವನ್ನು ಹೇಗೆ ಕಲಿಯುತ್ತಾರೆ ಎಂಬುದನ್ನು ಅಭ್ಯಾಸ ಮಾಡುವವಳು. ನೆಂಟರಿಗೆ ಇದನ್ನು ಅರ್ಥ ಮಾಡಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಟೀಚರಾ ಎಂದು ಕೇಳುತ್ತಾರೆ, ಹೌದು ಅನ್ನುತ್ತೇನೆ. ಪಿಎಚ್‌ಡಿಗೆ ನಾನು ಆರಿಸಿಕೊಂಡದ್ದು ಹನ್ನೆರಡು ಮಕ್ಕಳನ್ನು. ಎಲ್ಲರೂ ದಿವಾದವರು, ಹೋಟೆಲು ಕೆಲಸದವರ ಮಕ್ಕಳು, ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾನು ಕಂಡುಹಿಡಿದದ್ದು ಇಷ್ಟು: ಮಗು ತಪ್ಪು ಹೇಳಿದಾಗ ತಿದ್ದಬೇಡಿ, ಮನೆಮಾತಿನಲ್ಲಿ ಕೇಳಿ, ಸುಮ್ಮನೆ ಕಾಯಿರಿ, ಸರಾಸರಿ ಒಂಬತ್ತು ಸೆಕೆಂಡಿನೊಳಗೆ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹನ್ನೆರಡರಲ್ಲಿ ಏಳು ಮಕ್ಕಳು ಹಾಗೆ ತಿದ್ದಿಕೊಂಡಿದ್ದರು. ಈ ಒಂಬತ್ತು ಸೆಕೆಂಡು ನನಗೆ ನವಿ ಮುಂಬಯಿಯ ಸಂಸ್ಥೆಯೊಂದರಲ್ಲಿ ಕೆಲಸ ಕೊಟ್ಟಿತು, ಸಿಯೋಲ್‌ಗೂ ಲಿಸ್ಬನ್ನಿಗೂ ಕಳಿಸಿತು. ಆಮೇಲೆ ಬೇಲಾಪುರದ ಒಂದು ಟ್ರಸ್ಟು ಅದನ್ನು ತರಬೇತಿಯಾಗಿ ಮಾಡಿ ನಾನೂರು ಶಾಲೆಗಳಿಗೆ ಹಂಚಿತು. ಗೋಡೆಗೆ ಹಚ್ಚುವ ಚಿತ್ರವೂ ಇದೆ: ಬಾಯಿಯ ಮೇಲೆ ಬೆರಳಿಟ್ಟುಕೊಂಡ ಟೀಚರು, ಹಿಂದೆ ಗಡಿಯಾರ.

ನಳಿನಾಕ್ಷಿ ಎಂದು ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರಿದ್ದಾರೆ, ಈಗ ಕಲ್ಯಾಣದ ಶಾಲೆಯಲ್ಲಿ. ಆ ತರಬೇತಿ ಮುಗಿಸಿಕೊಂಡು ನಮ್ಮ ಮನೆಗೆ ಬಂದು ಹೇಳಿದ್ದರು. "ಅಲ್ಲ ಅಶ್ಮಿತಾ, ಮೂವತ್ತಾರು ಮಕ್ಕಳು. ಮಕ್ಕಳು ನನ್ನ ಮುಖ ನೋಡ್ತಾರೆ, ನಾನು ಗಡಿಯಾರ ನೋಡ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ." ನಾನು ನಕ್ಕಿದ್ದೆ. ಆಮೇಲೆ ಆ ಮಾತನ್ನು ಅವರ ಹೆಸರು ತೆಗೆದು 'ಬದಲಾವಣೆಗೆ ಶಿಕ್ಷಕರ ಪ್ರತಿರೋಧ' ಎಂಬ ಲೇಖನದಲ್ಲಿ ಉದಾಹರಣೆಯಾಗಿ ಹಾಕಿಕೊಂಡೆ. ಅದಕ್ಕೂ ಮೆಚ್ಚುಗೆ ಸಿಕ್ಕಿತು.

ಈಗ ಟ್ರಸ್ಟಿನವರು ಪ್ರಶಸ್ತಿ ಕೊಡುವವರಿದ್ದರು. ಮುಂದಿನ ಶುಕ್ರವಾರ ಉಪನ್ಯಾಸ. ಕಾರ್ಯಕ್ರಮ ನೋಡಿಕೊಳ್ಳುವ ಮಯೂರ್ ಎಂಬಾತ ಫೋನು ಮಾಡಿ, ಎಲ್ಲರೂ ಓದಿರುವ ಆ ಹುಡುಗಿಯ ವಾಕ್ಯವನ್ನು ಹಿತ್ತಾಳೆಯ ಫಲಕದ ಮೇಲೆ ಕೆತ್ತಿಸುತ್ತಿದ್ದೇವೆ, ಅದನ್ನು ಅವಳ ಬಾಯಿಂದಲೇ ಕೇಳಿಸಿದರೆ ಸಭೆ ಎದ್ದು ನಿಲ್ಲುತ್ತದೆ ಎಂದಿದ್ದ. ಅದಕ್ಕೇ ಫೈಲು ಹುಡುಕಿದ್ದು. ನನಗೆ ಪ್ರೊಫೆಸರ್ ಹುದ್ದೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯ ಅಧ್ಯಕ್ಷರೇ ಆ ಸಭೆಯ ಅಧ್ಯಕ್ಷರು.

ರೆಕಾರ್ಡಿಂಗನ್ನು ಕೇಳಿ ಕಾಗದಕ್ಕೆ ಇಳಿಸಿದವಳು ಅಮ್ಮ. ಜಯಲತಾ ಟೀಚರ್, ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ. ಆಗ ತಾನೇ ನಿವೃತ್ತಳಾಗಿ ಕೂತಿದ್ದಳು, ಅಕ್ಷರ ಚಂದ, ಖರ್ಚಿಲ್ಲ. ಕಿವಿಗೆ ಇಯರ್‌ಫೋನು ಹಾಕಿಕೊಂಡು, ನಾನು ಕೊಟ್ಟ ಫಾರ್ಮಿನಲ್ಲಿ ಪ್ರಶ್ನೆಗೆ ಒಂದು ಕಾಲಂ, ಉತ್ತರಕ್ಕೆ ಒಂದು ಕಾಲಂ, ನಡುವಿನ ಮೌನ ಎಷ್ಟು ಸೆಕೆಂಡು ಎನ್ನುವುದಕ್ಕೆ ಒಂದು ಕಾಲಂ, ಹೀಗೆ ತುಂಬಿಸುತ್ತಿದ್ದಳು. ಬರಹವನ್ನು ಧ್ವನಿಯೊಂದಿಗೆ ಹೋಲಿಸಿ ನೋಡಬೇಕಾದವಳು ನಾನು. 'ಎಲ್ಲ ಬರಹಗಳನ್ನೂ ಸಂಶೋಧಕಿಯೇ ಮೂಲ ಧ್ವನಿಯೊಂದಿಗೆ ತಾಳೆ ನೋಡಿದ್ದಾಳೆ' ಎಂದು ಪ್ರಬಂಧದಲ್ಲಿ ಬರೆದಿದ್ದೇನೆ. ಒಂದನ್ನೂ ನೋಡಿರಲಿಲ್ಲ. ಮಕ್ಕಳ ಮುಂದೆ ಕೂತವಳು ನಾನೇ, ಆದರೂ ಯಾವ ಮಗು ಏನು ಹೇಳಿತೆಂದು ನನಗೆ ನೆನಪಿರಲಿಲ್ಲ. ಅಮ್ಮನ ದುಂಡು ಅಕ್ಷರ ಓದಿದ ಮೇಲೆ ಹಾಗೆಯೇ ಹೇಳಿದ್ದು ಎಂದು ನೆನಪಾಯಿತು.

ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಪೇಪರ್ ಹರಡಿ ಬಸಳೆ ದಂಟು ಮುರಿಯುತ್ತಿದ್ದಳು. ಇಯರ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಎರಡನೇ ಮಾತಿಗೇ ಮುಖ ಅರಳಿತು.

"ಇದು ಅಮಿತಾ. ಗುರುವಪ್ಪನ ಮಗಳು."

ನನಗೆ ಅವಳು 'ಮಗು ೭'. ಹೆಸರು ಮರೆತೇ ಹೋಗಿತ್ತು.

"ಇದರಲ್ಲಿ ಆ ವಾಕ್ಯ ಇಲ್ಲ ಅಮ್ಮ."

"ಇದರಲ್ಲಿ ಹೇಗೆ ಇರ್ತದೆ? ಆ ದಿನ ಅವಳಿಗೆ ಬರ್ಲಿಲ್ಲಲ್ಲ."

"ಮತ್ತೆ ನೀನು ಬರೆದದ್ದು?"

"ಅವಳೇ ಹೇಳಿದ್ದು. ನಾನು ಸುಳ್ಳು ಬರೀತೇನಾ? ಆಮೇಲೆ ಹೇಳಿದ್ದು."

ಆಮೇಲೆ ಎಂದರೆ ಯಾವಾಗ ಎಂದು ಕೇಳಿದೆ. ಅಮ್ಮ ದಂಟಿನ ನಾರು ಎಳೆಯುತ್ತ ಎಲ್ಲ ಹೇಳಿದಳು, ಇದರಲ್ಲಿ ಹೇಳುವಂಥದ್ದು ಏನಿದೆ ಎಂಬಂತೆ. ಆ ಮಗು ಗೊತ್ತಿಲ್ಲ ಅಂದದ್ದು ಕೇಳಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲವಂತೆ. ಮಾರನೇ ದಿನ ನೀರುದೋಸೆ ಡಬ್ಬಿಗೆ ಹಾಕಿಕೊಂಡು ಸ್ಲೋ ಲೋಕಲ್ ಹಿಡಿದು ದಿವಾಕ್ಕೆ ಹೋದಳು. ಒಂದು ದೋಸೆಯನ್ನು ಮೂರು ತುಂಡು ಮಾಡಿದಳು, ಇನ್ನೊಂದನ್ನು ನಾಲ್ಕು. ಯಾವ ತುಂಡು ಬೇಕು ನಿನಗೆ ಎಂದು ಕೇಳಿದಳು. ಹುಡುಗಿ ತಿನ್ನುವಾಗ ಸರಿಯಾಗಿ ಆರಿಸುತ್ತಿತ್ತು, ಸ್ಲೇಟಿನಲ್ಲಿ ಬರೆದರೆ ಮತ್ತೆ ತಪ್ಪುತ್ತಿತ್ತು. ಅಮ್ಮ ದಿನಾ ಹೋದಳು. ದೋಸೆ, ಕಾಗದ, ದಾರ, ಹುಡುಗಿಯ ಅಮ್ಮ ಸುಂದರಿಯ ಹಳೇ ಸೀರೆ, ಎಲ್ಲವನ್ನೂ ಹಂಚಿ ತೋರಿಸಿದಳು. ಕೊನೆಗೊಂದು ದಿನ ಹುಡುಗಿ ತಾನೇ ಆ ಮಾತು ಹೇಳಿತು. ಬಂದು ಅದನ್ನು ಫಾರ್ಮಿನಲ್ಲಿ ಬರೆದಳು. ಬೇರೆ ಆರು ಮಕ್ಕಳಿಗೂ ಹೀಗೆಯೇ.

"ನಮ್ಮ ಶಾಲೆಯಲ್ಲಿ ಹಾಗೆಯೇ ಅಲ್ವಾ," ಎಂದಳು. "ಬಾರದ ದಿನದ ಪೇಪರ್ ಹರಿದು ಬಿಸಾಡುವುದು. ಕಲಿಸಿ ಮತ್ತೆ ಬರೆಸುವುದು. ಬಂದ ದಿನದ್ದು ಫೈಲಿಗೆ ಹಾಕುವುದು. ಬಾರದ್ದನ್ನು ಇಟ್ಟುಕೊಂಡು ಯಾರಿಗೆ ತೋರಿಸ್ಲಿಕ್ಕುಂಟು?"

"ಮೌನದ ಕಾಲಮ್ಮಿನಲ್ಲಿ ಒಂಬತ್ತು ಸೆಕೆಂಡು ಅಂತ ಹಾಕಿದ್ದಿ."

"ಒಂಬತ್ತು ದಿನ ಹಿಡೀತು ಅವಳಿಗೆ. ನಿನ್ನ ಫಾರ್ಮಿನಲ್ಲಿ ದಿನಕ್ಕೆ ಎಲ್ಲಿ ಜಾಗ ಇತ್ತು? ಸೆಕೆಂಡಿಗೆ ಮಾತ್ರ ಇದ್ದದ್ದು. ಒಂಬತ್ತು ಅಂತ ಹಾಕಿದೆ. ನೋಡಿದ್ರೆ ನೀನೇ ಕೇಳ್ತಿ ಅಂದುಕೊಂಡೆ. ನೀನು ಕೇಳ್ಲಿಲ್ಲ. ಆಮೇಲೆ ಆ ಒಂಬತ್ತಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ದೊಡ್ಡ ಓದಿನಲ್ಲಿ ಹಾಗೆಯೇ ಲೆಕ್ಕ ಏನೋ ಅಂತ ಸುಮ್ಮನಾದೆ."

ಉಳಿದ ಐದು ಮಕ್ಕಳು ಯಾಕೆ ತಿದ್ದಿಕೊಳ್ಳಲಿಲ್ಲ ಎಂದು ಕೇಳಬಾರದಿತ್ತು, ಕೇಳಿದೆ. ಮೂರು ಮಕ್ಕಳ ಮನೆಯವರು ಅಷ್ಟರಲ್ಲಿ ನವಿ ಮುಂಬಯಿಯ ಕಾಮೋಠೆಗೆ ಮನೆ ಬದಲಾಯಿಸಿದ್ದರು. ಅಲ್ಲಿಗೆ ಗಾಡಿ ಬದಲಾಯಿಸಿ ಹತ್ತಿ ಇಳಿಯಲು ಅಮ್ಮನ ಮೊಣಕಾಲು ಬಿಡುತ್ತಿರಲಿಲ್ಲ. ಇಬ್ಬರು ರಜೆಗೆ ಊರಿಗೆ ಹೋಗಿದ್ದರು. ಆ ಐವರ ಬಗ್ಗೆ ನಾನು ನಲವತ್ತೊಂದು ಪುಟ ಬರೆದಿದ್ದೇನೆ. ಅವರ ಮನೆಯ ಭಾಷಾ ಪರಿಸರ ದುರ್ಬಲ ಎಂದು ನಾಲ್ಕು ಕೋಷ್ಟಕಗಳಲ್ಲಿ ಸಾಧಿಸಿ ತೋರಿಸಿದ್ದೇನೆ. ಇಬ್ಬರು ತಜ್ಞರು ಬೇರೆ ಬೇರೆ ಕೂತು ಅಮ್ಮನ ಬರಹವನ್ನು ವಿಶ್ಲೇಷಿಸಿ ಒಂದೇ ತೀರ್ಮಾನಕ್ಕೆ ಬಂದಿದ್ದರು. ಅವರ ಸಹಮತ ನೂರಕ್ಕೆ ತೊಂಬತ್ತಮೂರು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಭಾನುವಾರ ಠಾಣೆಗೆ ಹೋದೆ, ನನ್ನ ಗೈಡ್ ಆಗಿದ್ದ ಅನಘ ಮೇಡಂ ಮನೆಗೆ. ಧಾರವಾಡದವರು, ಘೋಡ್‌ಬಂದರ್ ರಸ್ತೆಯ ಹದಿನೆಂಟನೇ ಮಹಡಿಯಲ್ಲಿ ಇರುತ್ತಾರೆ. ಆಡಿಯೋ ಕೇಳಿಸಿದೆ, ಅಮ್ಮ ಹೇಳಿದ್ದನ್ನು ಹೇಳಿದೆ. ಅವರು ತಟ್ಟೆಯಲ್ಲಿದ್ದ ಶಂಕರಪೋಳಿಯನ್ನು ಒಂದೊಂದಾಗಿ ತಿನ್ನುತ್ತ ಕೇಳಿದರು. ಆಘಾತವಾಗಬಹುದೆಂದು ನಾನು ಹೆದರಿದ್ದೆ. ಆಗಲಿಲ್ಲ, ಅದೇ ಆಘಾತ.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ. ಯಾವದರೆ ಸಣ್ಣ ಹುಡುಗಿ ಕಡಿಂದ ಆ ವಾಕ್ಯ ಓದಿಸಿ ರೆಕಾರ್ಡ್ ಮಾಡ್ಕೋ. ಸ್ಲೈಡಿನ ಕೆಳಗ ಮರುಸೃಷ್ಟಿ ಅಂತ ಸಣ್ಣ ಅಕ್ಷರದಾಗ ಹಾಕು. ಯಾರೂ ಓದಂಗಿಲ್ಲ."

ಹಾಗಾದರೆ ನಾನೂರು ಶಾಲೆಗಳಲ್ಲಿ ಟೀಚರುಗಳು ಬಾಯಿ ಮುಚ್ಚಿಕೊಂಡು ನಿಂತಿರುವುದು ಯಾವುದಕ್ಕಾಗಿ ಎಂದೆ. ಮೌನದಿಂದ ಯಾವ ಮಗುವಿಗೂ ಹಾನಿಯಾಗಿಲ್ಲ ಎಂದರು. ಆಮೇಲೆ, ತಟ್ಟೆಯನ್ನು ನನ್ನ ಕಡೆ ಸರಿಸಿ, "ನಿಮ್ಮವ್ವನ ಹೆಸರು ಮಾತ್ರ ಎಲ್ಲೂ ಎತ್ತಬ್ಯಾಡ. ಈ ವಯಸ್ಸಿನಾಗ ಅಕಿಗೆ ಯಾಕ ತ್ರಾಸು," ಎಂದರು. ಅಮ್ಮನ ಮೇಲಿನ ಈ ಕಾಳಜಿಯ ಕೆಳಗೆ ಪ್ರಬಂಧದ ಮೇಲಿನ ಅವರ ಸಹಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ನಾನು ಶಂಕರಪೋಳಿ ಒಂದನ್ನು ಬಾಯಿಗೆ ಹಾಕಿಕೊಂಡು ಹೂಂ ಅಂದೆ.

ಇನ್ನೂ ಅಸಹ್ಯವಾದದ್ದು ವಾಪಸು ಬರುವಾಗ ನಡೆಯಿತು. ಕಳವಾ, ಮುಂಬ್ರಾ, ದಿವಾ, ಕೋಪರ್, ನಾಲ್ಕು ಸ್ಟೇಷನ್ನು ದಾಟುವ ತನಕ ನಾನು ಯೋಚಿಸುತ್ತಿದ್ದದ್ದು ಯಾರ ಮಗಳ ಕೈಯಲ್ಲಿ ಓದಿಸಬಹುದು ಎಂದು. ಕೆಳಗಿನ ಮನೆಯ ಹುಡುಗಿಯ ಧ್ವನಿ ದಪ್ಪ. ಐದನೇ ಮಹಡಿಯವಳದ್ದು ಸರಿಯಾಗಿದೆ, ಆದರೆ ಕನ್ನಡ ಹಿಂದಿಯ ಹಾಗೆ ಕೇಳಿಸುತ್ತದೆ. ಡೊಂಬಿವಲಿಯಲ್ಲಿ ಇಳಿದಾಗ ಹಿನ್ನೆಲೆಗೆ ಕುಕ್ಕರ್ ಸದ್ದು ಸೇರಿಸುವವರೆಗೂ ಬಂದಿದ್ದೆ. ಸೇತುವೆಯ ಮೆಟ್ಟಿಲಲ್ಲಿ ಜನ ನನ್ನನ್ನು ತಳ್ಳಿಕೊಂಡು ಹೋದರು. ಅಲ್ಲಿ ನಿಂತು, ಇಲ್ಲ, ಇದ್ದದ್ದನ್ನೇ ಹಾಕುತ್ತೇನೆ ಎಂದುಕೊಂಡೆ. ಕೆಲಸ ಹೋದರೆ ಹೋಗಲಿ. ಹಾಗೆಂದುಕೊಂಡ ಕೂಡಲೇ ಮೈ ಹಗುರಾಯಿತು. ಆ ಹಗುರವನ್ನು ಆಗಲೇ ಸಂಶಯಿಸಬೇಕಿತ್ತು.

ಸಭೆಯಲ್ಲಿ ಎಲ್ಲ ಹೇಳಿಬಿಡುತ್ತೇನೆ ಎಂದು ಅಮ್ಮನಿಗೆ ತಿಳಿಸಿದೆ. ಹೇಳು, ಮಕ್ಕಳಿಗೆ ಕಲಿಸಿದ್ದು ಕಳ್ಳತನವಾ ಎಂದಳು. ನಾನೂ ಬರುತ್ತೇನೆ, ಇಳಕಲ್ ಸೀರೆ ಇಸ್ತ್ರಿಗೆ ಕೊಡು ಎಂದಳು. ಯಾವ ಆಡಿಯೋ ಹಾಕುತ್ತೇನೆಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಬೇಲಾಪುರದ ಸಭಾಂಗಣ ತುಂಬಿತ್ತು. ಎಸಿ, ಗುಲಾಬಿ ನೀರು, ಹೊಸ ಕಾರ್ಪೆಟ್ಟಿನ ವಾಸನೆ. ಶಾಲು ಹೊದೆಸಿದರು. ಹಿತ್ತಾಳೆಯ ಫಲಕ ಕೊಟ್ಟರು. ಅದರ ಮೇಲೆ ಆ ವಾಕ್ಯವನ್ನು ಕೆತ್ತಿಸಿದ್ದರು, 'ಜನ ಜಾಸ್ತಿ ಆದ್ರೆ'ಯಿಂದ ಹಿಡಿದು 'ಟೀಚರ್' ಸಮೇತ. ಅಧ್ಯಕ್ಷರು ನನ್ನ ಸೂಕ್ಷ್ಮತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ನಾನು ಮೈಕಿನ ಮುಂದೆ ನಿಂತು ಸಭೆಯನ್ನು ನೋಡಿದೆ.

ಮೂರನೇ ಸಾಲಿನಲ್ಲಿ ಅಮ್ಮ. ಪಕ್ಕದಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದರ ಒಬ್ಬ ಹುಡುಗಿ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಮಡಿಲಲ್ಲಿ ಊಟದ ಡಬ್ಬಿಯ ಚೀಲ. ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು. ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ತನ್ನ ಮಾತನ್ನು ಕೆತ್ತಿಸಿದ್ದ ಆ ಹಿತ್ತಾಳೆಯನ್ನೇ ನೋಡುತ್ತಿದ್ದಳು.

ಆಡಿಯೋ ಇಲ್ಲದೆಯೂ ಹೇಳಬಹುದಿತ್ತು. ಎಲ್ಲವನ್ನೂ ಹೇಳಬಹುದಿತ್ತು, ನನ್ನ ಸುಳ್ಳು, ಅಮ್ಮನ ಒಂಬತ್ತು ದಿನ, ಕಾಮೋಠೆಗೆ ಹೋದ ಮಕ್ಕಳು. ಆದರೆ ಆಡಿಯೋ ಇಲ್ಲದೆ ಅದು ಅಷ್ಟು ಚೆನ್ನಾಗಿ ಕೇಳಿಸುತ್ತಿರಲಿಲ್ಲ. ಬೆರಳು ಒತ್ತಿತು.

"ನಾಲ್ಕು ದೊಡ್ಡದಲ್ವಾ," ಎಂದಿತು ನಾಲ್ಕು ಸ್ಪೀಕರುಗಳಿಂದ ಒಂಬತ್ತು ವರ್ಷದ ಧ್ವನಿ. ಪರದೆಯ ಮೇಲೆ ನಾನೇ ಮಾಡಿದ ಇಂಗ್ಲಿಷ್ ಅನುವಾದ. ಸಭೆಯಲ್ಲಿ ಒಂದು ನಗು ಹರಿಯಿತು, ಓದಿದವರು ಮಕ್ಕಳ ದಡ್ಡತನಕ್ಕೆ ನಗುವ ಮೆತ್ತನೆಯ ನಗು. ಆಮೇಲೆ ಹನ್ನೊಂದು ಸೆಕೆಂಡು. ಜನ ಕಣ್ಣು ಮುಚ್ಚಿಕೊಂಡು ಕಾದರು. "ಗೊತ್ತಿಲ್ಲ ಟೀಚರ್."

ಆಮೇಲೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಏನನ್ನೂ ಮುಚ್ಚಲಿಲ್ಲ. ಮಕ್ಕಳು ತಾವಾಗಿ ತಿದ್ದಿಕೊಳ್ಳಲಿಲ್ಲ, ಒಬ್ಬ ಟೀಚರು ದಿನಾ ಹೋಗಿ ಕಲಿಸಿದರು, ನನ್ನ ಸಂಶೋಧನೆ ಸುಳ್ಳು, ತರಬೇತಿಯನ್ನು ನಿಲ್ಲಿಸಿ ಎಂದೆ. ಕಲ್ಲು ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ.

ಚಪ್ಪಾಳೆ ಬಿತ್ತು. ಮೊದಲು ಹಿಂದಿನಿಂದ, ಆಮೇಲೆ ಎಲ್ಲ ಕಡೆಯಿಂದ. ಎದ್ದು ನಿಂತರು. ಇಂಥ ಪ್ರಾಮಾಣಿಕತೆಯನ್ನು ನಲವತ್ತು ವರ್ಷಗಳಲ್ಲಿ ಕಂಡಿಲ್ಲ ಎಂದರು ಅಧ್ಯಕ್ಷರು. ಅವರ ಕಣ್ಣು ಒದ್ದೆಯಾಗಿತ್ತು. ಚಹಾದ ಹೊತ್ತಿನಲ್ಲಿ ಅನಘ ಮೇಡಂ ನನ್ನ ತೋಳು ಹಿಡಿದು, ಇದೇ ಒಂದು ಪೇಪರ್ ಆಗುತ್ತದೆ, ಇಬ್ಬರೂ ಕೂಡಿ ಬರೆಯೋಣ ಎಂದರು. ಗೋಡೆಚಿತ್ರಗಳು ಅಚ್ಚಾಗಿರುವುದರಿಂದ ಈ ವರ್ಷ ತರಬೇತಿ ನಿಲ್ಲಿಸುವುದು ಕಷ್ಟ ಎಂದ ಮಯೂರ್. ಮುಂದಿನ ಹಂತಕ್ಕೆ ಒಂಬತ್ತು ದಿನದ ಮಾಡ್ಯೂಲ್ ಮಾಡಿಕೊಡುವಿರಾ ಎಂದು ಕೇಳಿದ. ಸಮೋಸದ ಎಣ್ಣೆ ಅವನ ಬೆರಳಿನಿಂದ ನನ್ನ ಶಾಲಿಗೆ ಹತ್ತಿತು. ನಾನು ನನ್ನನ್ನು ಕಳೆದುಕೊಳ್ಳಲು ಹೋಗಿದ್ದೆ. ಇವರು ನನಗೆ ಇನ್ನೂ ಹತ್ತು ವರ್ಷದ ಕೆಲಸ ಕೊಟ್ಟಿದ್ದರು.

ಅಮ್ಮ ಚಹಾ ಮುಟ್ಟದೆ ಹೊರಗಿನ ಮೆಟ್ಟಿಲ ಹತ್ತಿರ ನಿಂತಿದ್ದಳು. ಅಮಿತಾ ಸ್ವಲ್ಪ ದೂರದಲ್ಲಿ ಫೋನು ನೋಡುತ್ತಿದ್ದಳು.

"ಬಂದ ದಿನದ್ದು ನಿನ್ನ ಹತ್ರ ಇಲ್ಲ, ಒಪ್ಪುವ," ಎಂದಳು ಅಮ್ಮ. "ಬಾರದ ದಿನದ್ದನ್ನೇ ಹಾಕಬೇಕಿತ್ತಾ? ಅವಳನ್ನು ಎದುರಿಗೆ ಕೂರಿಸಿಕೊಂಡು? ನಿನ್ನ ವಾಕ್ಯ ಹಿತ್ತಾಳೆಯಲ್ಲಿ ಬರೆಸಿದ್ದಾರೆ ಬಾ ಅಂತ ಅರ್ಧ ದಿನ ರಜೆ ಹಾಕಿಸಿ ಕರ್ಕೊಂಡು ಬಂದೆ ನಾನು."

"ಅವಳು ಬರ್ತಾಳೆ ಅಂತ ನನಗೆ ಗೊತ್ತಿರಲಿಲ್ಲ."

"ನೀನು ನೋಡಿದ್ದಿ. ನೋಡಿಯೇ ಒತ್ತಿದ್ದು."

ನಾನು ಅಮಿತಾಳ ಹತ್ತಿರ ಹೋದೆ. ಕ್ಷಮಿಸು ಎಂದು ಕನ್ನಡದಲ್ಲಿ ಹೇಳಿದೆ. ಫಲಕವನ್ನು ಅವಳ ಕೈಗೆ ಕೊಟ್ಟೆ, ಇದು ನಿನ್ನದು ಎಂದೆ. ಅವಳು ಅದನ್ನು ಮೇಲೆ ಕೆಳಗೆ ನೋಡಿ, ಕನ್ನಡ ಓದಲು ಬರುವುದಿಲ್ಲ, ಮನೆಯಲ್ಲಿ ಇಡಲು ಜಾಗವೂ ಇಲ್ಲ ಎಂದು ಹಿಂದಿಯಲ್ಲಿ ಹೇಳಿ ವಾಪಸು ಕೊಟ್ಟಳು. ಸಿಟ್ಟಿನಿಂದ ಹೇಳಲಿಲ್ಲ. ಆ ದಿನ ನೆನಪಿದೆಯಾ ಎಂದು ಕೇಳಿದೆ. ಅದನ್ನೂ ಆ ಪಾಕದ ಧ್ವನಿಯಲ್ಲೇ ಕೇಳಿದ್ದು ನನಗೇ ಗೊತ್ತಾಯಿತು.

"ಹಾಂ ದೀದಿ, ಯಾದ್ ಹೈ," ಎಂದಳು. "ಆಪ್ ಬಾರ್ ಬಾರ್ ಘಡಿ ದೇಖ್ ರಹೀ ಥೀ."

ಹೌದು, ಆ ದಿನ ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದದ್ದು ಐದೂ ನಲವತ್ತರ ಲೋಕಲ್ಲಿಗಾಗಿ. ಅದು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಪ್ರಬಂಧದಲ್ಲಿ 'ಅವಸರವಿಲ್ಲದ, ಆತ್ಮೀಯ ವಾತಾವರಣ' ಎಂದು ಬರೆದಿದ್ದೇನೆ.

ಬೇಲಾಪುರದಿಂದ ಠಾಣೆಯ ಗಾಡಿಯಲ್ಲಿ ಮೂವರೂ ಲೇಡೀಸ್ ಡಬ್ಬಿ ಹತ್ತಿದೆವು. ಅಮ್ಮನಿಗೂ ಅಮಿತಾಳಿಗೂ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಕಿಟಕಿಗೆ ಆತು ಮೊದಲೇ ಒಬ್ಬಳು ಕೂತಿದ್ದ ಆ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ನಾನು ಅಂಚಿನಲ್ಲಿ ಕೂರಬಹುದಿತ್ತು. ಅಮಿತಾ ಸರಿದು ಜಾಗ ಮಾಡಿದಳು. ಅಮ್ಮ ನನ್ನ ಕೈಯಿಂದ ಫಲಕದ ಡಬ್ಬವನ್ನು ತೆಗೆದುಕೊಂಡು ಆ ಜಾಗದಲ್ಲಿಟ್ಟಳು. ಆಮೇಲೆ ಅಮಿತಾಳ ಕಡೆ ತಿರುಗಿ, ಸುಂದರಿಗೆ ಈಗ ಬೆನ್ನುನೋವು ಹೇಗಿದೆ ಎಂದು ಕೇಳತೊಡಗಿದಳು. ನಾನು ಠಾಣೆಯ ತನಕ ಶಾಲು ಹೊದ್ದುಕೊಂಡು ನಿಂತೇ ಬಂದೆ.